ಟರ್ನರ್ ಸಿಂಡ್ರೋಮ್: ಅರಿವು ಯಾರಿಗೆ, ಯಾವುದರ ಬಗ್ಗೆ?

ಹೆಣ್ಣಿನ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ಅವುಗಳಲ್ಲಿ ಒಂದು ಪೂರ್ತಿಯಾಗಿ ಇಲ್ಲದಿದ್ದರೆ, ಅಥವಾ ಅದರ ಒಂದು ಭಾಗ ಕಳೆದುಹೋಗಿದ್ದರೆ, ಆ ಸ್ಥಿತಿಯನ್ನು ಟರ್ನರ್ ಸಿಂಡ್ರೋಮ್ ಎನ್ನುತ್ತಾರೆ. ಹುಟ್ಟುವ 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಇರುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 3 ಕೋಟಿ ಹೆಣ್ಣುಮಕ್ಕಳಿದ್ದರು. ಈ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ನಮ್ಮ ರಾಜ್ಯವೊಂದರಲ್ಲೇ 12,000ದಿಂದ 15,000 ಮಂದಿ ಆಗುತ್ತಾರೆ. ಒಂದು ತಾಲ್ಲೂಕಿನಲ್ಲಿ 10,000 ಹುಡುಗಿಯರು ಶಾಲೆಗೆ ಹೋಗುತ್ತಿದ್ದರೆ ಅವರಲ್ಲಿ ನಾಲ್ಕೈದು ಮಂದಿ. ಕಡತದಲ್ಲಿ ಇದು ‘ಅಪರೂಪದ’ ಕಾಯಿಲೆ. ಆದರೆ ಪ್ರತಿ ತಾಲ್ಲೂಕಿನಲ್ಲೂ ಇರುವ, ಪ್ರತಿ ತಾಲ್ಲೂಕಿನಲ್ಲೂ ಕಣ್ಣುತಪ್ಪುವ ಸ್ಥಿತಿ ಎನ್ನುವುದೇ ಹೆಚ್ಚು ಸರಿ.

ಜಾಗೃತಿ ಬೇಕು ಎನ್ನುವುದಕ್ಕೆ ಯಾರ ತಕರಾರೂ ಇಲ್ಲ. ಅಮೆರಿಕದಲ್ಲಿ ಫೆಬ್ರವರಿಯನ್ನು ಇದರ ಜಾಗೃತಿ ಮಾಸವಾಗಿ ಆಚರಿಸುತ್ತಾರೆ. ಅದೇ ತಿಂಗಳ ಕೊನೆಯ ದಿನ, 2008ರಿಂದ, ಅಪರೂಪದ ಕಾಯಿಲೆಗಳ ದಿನವೂ ಹೌದು. ಚರ್ಚೆ ಇರುವುದು ಬೇರೆ ಕಡೆ. ಯಾವ ಲಕ್ಷಣವನ್ನು ಮುಂದಿಟ್ಟು ಜಾಗೃತಿ ಮೂಡಿಸಬೇಕು, ಯಾರಲ್ಲಿ ಮೂಡಿಸಬೇಕು, ಅತಿಯಾದರೆ ಹಾನಿಯಿದೆಯೇ ಎಂಬ ಪ್ರಶ್ನೆಗಳಿಗೆ ಕಳೆದ ಅರವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಖಚಿತವಾಗುವುದು ಇಷ್ಟು: ‘ಕುಳ್ಳಗಿರುವ, ಮಕ್ಕಳಾಗದ ಹುಡುಗಿ’ ಎಂಬ ಚಿತ್ರವನ್ನೇ ಹರಡುವ ಪ್ರಚಾರದಿಂದ ಈ ಹೆಣ್ಣುಮಕ್ಕಳಿಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹುಡುಗಿಯ ಎತ್ತರ ಅಳೆಯುವ, ನಾಡಿ ಹಿಡಿಯುವ, ಮೂವತ್ತರ ನಂತರವೂ ಅವಳ ಹೃದಯ ನೋಡುವ ಕೈಗಳಿಗೆ ತಲುಪುವ ಅರಿವೇ ಜೀವ ಉಳಿಸುತ್ತದೆ.

ಹೆಸರು ಬಂದ ದಾರಿ

ಇಟಲಿಯ ಅಂಗರಚನಾ ತಜ್ಞ ಮೊರ್ಗಾಗ್ನಿ 18ನೇ ಶತಮಾನದಲ್ಲೇ ಇಂಥ ಲಕ್ಷಣಗಳಿದ್ದ ಹೆಂಗಸೊಬ್ಬಳ ಬಗ್ಗೆ ಬರೆದಿಟ್ಟಿದ್ದ. 1925ರಲ್ಲಿ ರಷ್ಯಾದ ಶೆರೆಶೆವ್ಸ್ಕಿ, 1930ರಲ್ಲಿ ಜರ್ಮನಿಯ ಒಟ್ಟೊ ಉಲ್‌ರಿಚ್ ಇದನ್ನು ವಿವರಿಸಿದರು. 1938ರಲ್ಲಿ ಅಮೆರಿಕದ ಒಕ್ಲಹೋಮದ ವೈದ್ಯ ಹೆನ್ರಿ ಟರ್ನರ್ ಏಳು ಮಂದಿಯಲ್ಲಿ ಕಂಡ ಮೂರು ಲಕ್ಷಣಗಳನ್ನು ಒಟ್ಟಿಗೆ ಕಟ್ಟಿಕೊಟ್ಟರು: ಮೈನೆರೆಯದ ದೇಹ, ಕುತ್ತಿಗೆಯ ಎರಡೂ ಬದಿಯಲ್ಲಿ ಭುಜದವರೆಗೆ ಇಳಿಯುವ ಚರ್ಮದ ಮಡಿಕೆ, ಮೊಣಕೈಯಿಂದ ಹೊರಕ್ಕೆ ಬಾಗಿದ ತೋಳು. ಜಗತ್ತಿನಲ್ಲಿ ನಿಂತದ್ದು ಅವರ ಹೆಸರು. ಯುರೋಪಿನ ಕೆಲವೆಡೆ ಉಲ್‌ರಿಚ್, ರಷ್ಯಾದಲ್ಲಿ ಶೆರೆಶೆವ್ಸ್ಕಿ ಜೊತೆಗೂಡುತ್ತಾರೆ.

ಟರ್ನರ್ ಮೂಲವನ್ನು ಪಿಟ್ಯುಟರಿ ಗ್ರಂಥಿಯಲ್ಲಿ ಹುಡುಕಿದರು. ಅದು ಸರಿಯಾದ ಜಾಗವಾಗಿರಲಿಲ್ಲ. 1940ರ ದಶಕದಲ್ಲಿ ಕೊರತೆ ಅಂಡಾಶಯದಲ್ಲಿದೆ ಎಂದು ತಿಳಿಯಿತು. 1954ರಲ್ಲಿ ಲಂಡನ್ನಿನ ಪಾಲ್ ಪೊಲಾನಿ ಮತ್ತು ಸಂಗಡಿಗರು ಈ ಹುಡುಗಿಯರ ಜೀವಕೋಶಗಳಲ್ಲಿ ಹೆಣ್ಣಿನ ಗುರುತಾದ ‘ಬಾರ್ ಕಾಯ’ ಕಾಣದಿರುವುದನ್ನು ಗಮನಿಸಿದರು. 1959ರಲ್ಲಿ ಚಾರ್ಲ್ಸ್ ಫೋರ್ಡ್ ತಂಡ 14 ವರ್ಷದ ಹುಡುಗಿಯೊಬ್ಬಳ ವರ್ಣತಂತುಗಳನ್ನು ಎಣಿಸಿತು. 46 ಇರಬೇಕಾದಲ್ಲಿ 45 ಇದ್ದವು. ಮನುಷ್ಯನಿಗೆ 46 ವರ್ಣತಂತುಗಳು ಎಂಬುದೇ ನಿಶ್ಚಿತವಾದದ್ದು 1956ರಲ್ಲಿ. ಡೌನ್ ಸಿಂಡ್ರೋಮಿನ ಕಾರಣ ಪತ್ತೆಯಾದದ್ದೂ 1959ರಲ್ಲೇ.

ಎರಡು ವರ್ಷದ ನಂತರ ಮೇರಿ ಲಯನ್ ಮುಂದಿಟ್ಟ ವಿಚಾರ ಒಂದು ಗಟ್ಟಿ ಪ್ರಶ್ನೆ ಎತ್ತಿತು. ಎಲ್ಲ ಹೆಂಗಸರ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಹೇಗೂ ನಿಷ್ಕ್ರಿಯವಾಗುತ್ತದೆ ಎಂದಾದರೆ, ಅದು ಇಲ್ಲದಿದ್ದರೆ ಏನು ಕೆಟ್ಟಿತು? ಉತ್ತರ ನಿಧಾನವಾಗಿ ಬಂತು. ನಿಷ್ಕ್ರಿಯವಾದ ಎಕ್ಸ್‌ನಲ್ಲೂ ಕೆಲವು ಜೀನ್‌ಗಳು ಎಚ್ಚರವಾಗಿರುತ್ತವೆ, ಅವು ಎರಡೆರಡು ಪ್ರತಿ ಇದ್ದರೇ ದೇಹಕ್ಕೆ ಸಾಕು. ಎಲುಬಿನ ಬೆಳವಣಿಗೆಗೆ ಬೇಕಾದ, 1997ರಲ್ಲಿ ಪತ್ತೆಯಾದ ಶಾಕ್ಸ್ ಜೀನ್ ಅಂಥದ್ದು. ಗಿಡ್ಡ ನಿಲುವಿನ ದೊಡ್ಡ ಪಾಲು ಅದರ ಒಂದು ಪ್ರತಿಯ ಕೊರತೆಯಿಂದ ಬರುತ್ತದೆ.

ಈ ಇತಿಹಾಸದಿಂದ ಮನೆಮನೆಗೆ ತಲುಪಬೇಕಾದ ಒಂದು ಸಂಗತಿಯಿದೆ. ಟರ್ನರ್ ಸಿಂಡ್ರೋಮ್ ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವಂಥದ್ದಲ್ಲ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ, ಇಲ್ಲವೇ ಭ್ರೂಣದ ಮೊದಲ ವಿಭಜನೆಗಳಲ್ಲಿ, ಒಂದು ವರ್ಣತಂತು ಆಕಸ್ಮಿಕವಾಗಿ ತಪ್ಪಿಹೋಗುತ್ತದೆ. ತಾಯಿಯ ವಯಸ್ಸಿಗೂ ಇದಕ್ಕೂ ನಂಟಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದಕ್ಕೂ ನಂಟಿಲ್ಲ. ಒಂದೇ ಎಕ್ಸ್ ಉಳಿದಿರುವ ಹೆಚ್ಚಿನವರಲ್ಲಿ ಹಾಗೆ ಉಳಿದದ್ದು ತಾಯಿಯಿಂದ ಬಂದ ಎಕ್ಸ್. ಮಗುವಿಗೆ ಏನಾದರೂ ಆದರೆ ಹೆತ್ತವಳನ್ನೇ ದೂರುವ ಮನೆಗಳಲ್ಲಿ ಈ ಒಂದು ಮಾತನ್ನು ವೈದ್ಯರು ಬಿಡಿಸಿ ಹೇಳಿದರೆ ಎಷ್ಟೋ ಕಣ್ಣೀರು ತಪ್ಪುತ್ತದೆ.

ಎತ್ತರವನ್ನೇ ಮುಂದಿಟ್ಟ ಚಿಂತನೆ

ಬಹುಕಾಲ ಜಾಗೃತಿಯ ಕೇಂದ್ರದಲ್ಲಿದ್ದದ್ದು ಎತ್ತರ. ಚಿಕಿತ್ಸೆಯಿಲ್ಲದಿದ್ದರೆ ಟರ್ನರ್ ಇರುವ ಹೆಂಗಸು ತನ್ನ ಜನಾಂಗದ ಸರಾಸರಿಗಿಂತ 20 ಸೆಂಟಿಮೀಟರ್‌ನಷ್ಟು ಗಿಡ್ಡವಿರುತ್ತಾಳೆ. ಬೆಳವಣಿಗೆಯ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸುವುದು ಸಾಧ್ಯವಾದ ಮೇಲೆ ಅದನ್ನು ಈ ಹುಡುಗಿಯರಿಗೂ ಕೊಡಲಾಯಿತು. ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ 1996ರ ಕೊನೆಗೆ ಒಪ್ಪಿಗೆ ಕೊಟ್ಟರು. ಕೆನಡಾದಲ್ಲಿ ಹುಡುಗಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಪೂರ್ಣ ಬೆಳೆಯುವವರೆಗೂ ಹಿಂಬಾಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹಾರ್ಮೋನ್ ಪಡೆದವರು ಪಡೆಯದವರಿಗಿಂತ ಸುಮಾರು 7 ಸೆಂಟಿಮೀಟರ್ ಹೆಚ್ಚು ಬೆಳೆದಿದ್ದರು. ಬೇಗ ಶುರುಮಾಡಿದಷ್ಟೂ ಫಲ ಹೆಚ್ಚು. ಆದ್ದರಿಂದ ಬೇಗ ಪತ್ತೆಯಾಗಬೇಕು, ಅದಕ್ಕಾಗಿ ಗಿಡ್ಡ ಹುಡುಗಿಯರ ಕಡೆ ಗಮನ ಸೆಳೆಯಬೇಕು ಎಂಬುದು ಈ ಚಿಂತನೆಯ ತರ್ಕ.

ಈ ತರ್ಕವನ್ನು ತಳ್ಳಿಹಾಕುವಂತಿಲ್ಲ. ಬಸ್ಸಿನ ಕಂಬಿ ಹಿಡಿಯಲು, ಗ್ಯಾಸ್ ಕಟ್ಟೆಯ ಮೇಲೆ ಅಡುಗೆ ಮಾಡಲು, ದೈಹಿಕ ಅರ್ಹತೆ ಕೇಳುವ ಕೆಲಸಗಳಿಗೆ ಅರ್ಜಿ ಹಾಕಲು ಏಳು ಸೆಂಟಿಮೀಟರ್ ಸಣ್ಣ ಅಂತರವಲ್ಲ. ಆದರೆ ಬೆಲೆಯೂ ಇದೆ. ವರ್ಷಗಟ್ಟಲೆ ಪ್ರತಿ ರಾತ್ರಿ ಸೂಜಿ, ಫ್ರಿಜ್ಜಿನಲ್ಲಿ ಕಾಪಾಡಬೇಕಾದ ಔಷಧಿ, ಮಧ್ಯಮ ವರ್ಗಕ್ಕೂ ಹೊರೆಯಾಗುವ ಖರ್ಚು. ಅಷ್ಟೇ ಅಲ್ಲ, ಎತ್ತರದ ಹಿಂದೆ ಬಿದ್ದು ಮಾಡಿದ ಒಂದು ತಪ್ಪನ್ನು ವೈದ್ಯಲೋಕ ಈಚೆಗೆ ತಿದ್ದಿಕೊಂಡಿದೆ. ಈಸ್ಟ್ರೋಜನ್ ಎಲುಬಿನ ಬೆಳವಣಿಗೆಯನ್ನು ಮುಗಿಸಿಬಿಡುತ್ತದೆಂದು ಹಿಂದೆ ಅದನ್ನು ಹದಿನೈದು ವರ್ಷದವರೆಗೂ ಮುಂದೂಡುತ್ತಿದ್ದರು. ಓರಗೆಯವರೆಲ್ಲ ದೊಡ್ಡವರಾದ ಮೇಲೂ ಆ ಹುಡುಗಿ ಚಿಕ್ಕ ಮಗುವಿನ ಮೈಯಲ್ಲೇ ಉಳಿಯುತ್ತಿದ್ದಳು. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ 11–12ರ ವಯಸ್ಸಿಗೇ ಅತಿ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ಎರಡು ಮೂರು ವರ್ಷದಲ್ಲಿ ನಿಧಾನವಾಗಿ ಏರಿಸಲು ಹೇಳುತ್ತದೆ.

ಈ ಚಿಂತನೆಯ ಮಿತಿಯನ್ನು ತೋರಿಸಿದ್ದು ಫ್ರಾನ್ಸಿನ ಅಧ್ಯಯನ. 2005ರಲ್ಲೇ ಪ್ರಕಟವಾದ ಇದು ಹಾರ್ಮೋನ್ ಪಡೆದು ಬೆಳೆದ ತರುಣಿಯರ ಬದುಕಿನ ಗುಣಮಟ್ಟವನ್ನು ಅಳೆಯಿತು. ಅವರ ನೆಮ್ಮದಿಗೂ ಅವರ ಎತ್ತರಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಕಿವಿಯ ತೊಂದರೆ ಮತ್ತು ಹೃದಯದ ತೊಂದರೆಯ ಜೊತೆ.

ಹೃದಯ ಮತ್ತು ಕಿವಿ: ಬದುಕಿನುದ್ದದ ನಿಗಾ

ಎರಡನೆಯ ಚಿಂತನೆ ಹುಟ್ಟಿದ್ದು ಈ ಹುಡುಗಿಯರು ಬೆಳೆದು ಹೆಂಗಸರಾದ ಮೇಲೆ ಏನಾಗುತ್ತಾರೆ ಎಂದು ಹಿಂಬಾಲಿಸಿ ನೋಡಿದವರಿಂದ. ಬ್ರಿಟನ್ನಿನಲ್ಲಿ 1959ರಿಂದ 2002ರ ನಡುವೆ ಪತ್ತೆಯಾದ 3,439 ಮಂದಿಯ ಅಧ್ಯಯನದಲ್ಲಿ ಸಾವಿನ ಪ್ರಮಾಣ ಉಳಿದ ಹೆಂಗಸರ ಮೂರು ಪಟ್ಟು ಇತ್ತು. ಕೊಲ್ಲುವುದು ಎತ್ತರದ ಕೊರತೆಯಲ್ಲ. ಟರ್ನರ್ ಇರುವವರಲ್ಲಿ ಶೇ 15ರಿಂದ 30ರಷ್ಟು ಮಂದಿಗೆ ಹೃದಯದಿಂದ ಹೊರಡುವ ಮಹಾಪಧಮನಿಯ ಕವಾಟಕ್ಕೆ ಮೂರು ಎಸಳಿನ ಬದಲು ಎರಡೇ ಇರುತ್ತವೆ. ಇನ್ನು ಕೆಲವರಿಗೆ ಆ ರಕ್ತನಾಳ ಒಂದು ಕಡೆ ಇರುಕಾಗಿರುತ್ತದೆ. ವರ್ಷಗಳು ಕಳೆದಂತೆ ನಾಳ ಹಿಗ್ಗಿ, ರಕ್ತದೊತ್ತಡ ಏರಿ, ಒಂದು ದಿನ ಅದರ ಒಳಗೋಡೆ ಸೀಳಬಹುದು. ಸಾಮಾನ್ಯವಾಗಿ ವೃದ್ಧಾಪ್ಯದಲ್ಲಿ ಕಾಣುವ ಈ ಅನಾಹುತ ಡೆನ್ಮಾರ್ಕಿನ ದಾಖಲೆಗಳಲ್ಲಿ ಟರ್ನರ್ ಇರುವವರಿಗೆ ಮೂವತ್ತೈದರ ಆಸುಪಾಸಿನಲ್ಲೇ ಬಂದಿದೆ.

ಇದರ ಜೊತೆಗೆ ಚಿಕ್ಕಂದಿನಿಂದ ಮತ್ತೆ ಮತ್ತೆ ಕಿವಿ ಸೋರುವುದು, ದೊಡ್ಡವರಾದ ಮೇಲೆ ಶ್ರವಣ ನರದ ದೌರ್ಬಲ್ಯ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಈಸ್ಟ್ರೋಜನ್ ಸಿಗದೆ ಟೊಳ್ಳಾಗುವ ಎಲುಬು. ಒಂದೊಂದಕ್ಕೂ ಚಿಕಿತ್ಸೆಯಿದೆ, ಯಾರಾದರೂ ಹುಡುಕಿದರೆ. ಕಷ್ಟವಿರುವುದು ಅಲ್ಲೇ. ಹದಿನೆಂಟರವರೆಗೆ ಮಕ್ಕಳ ವೈದ್ಯರು ನೋಡುತ್ತಾರೆ. ಸೂಜಿ ನಿಂತ ಮೇಲೆ ‘ಚಿಕಿತ್ಸೆ ಮುಗಿಯಿತು’ ಎಂಬ ಭಾವನೆ ಮೂಡುತ್ತದೆ. ಹೃದಯದ ಅಪಾಯ ನಿಜವಾಗಿ ಶುರುವಾಗುವ ವಯಸ್ಸಿಗೆ ಅವಳ ಹೆಸರು ಯಾವ ಕ್ಲಿನಿಕ್ಕಿನ ಪುಸ್ತಕದಲ್ಲೂ ಇರುವುದಿಲ್ಲ.

ಬಾಲ್ಯದಲ್ಲೇ ಹೃದಯದ ಬಗ್ಗೆ ಹೇಳಿ ಹೆದರಿಸುವುದು ಕ್ರೌರ್ಯ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹೆದರಿಸಬೇಕಾಗಿಲ್ಲ ಎಂಬುದು ಸರಿ. ಆದರೆ ಕೆಲವು ವರ್ಷಕ್ಕೊಮ್ಮೆ ಎಕೋ ಅಥವಾ ಎಂಆರ್‌ಐ ಮಾಡಿಸುವುದು, ಬಿಪಿ ನೋಡಿಸಿಕೊಳ್ಳುವುದು, ಎದೆಯಲ್ಲೋ ಬೆನ್ನಲ್ಲೋ ಸೀಳಿದಂಥ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗದೆ ಆಸ್ಪತ್ರೆಗೆ ಓಡಿ ‘ನನಗೆ ಟರ್ನರ್ ಇದೆ’ ಎಂದು ಹೇಳುವುದು: ಇಷ್ಟು ತಿಳಿವಳಿಕೆಯನ್ನು ಅವಳಿಂದ ಮುಚ್ಚಿಡುವುದು ದಯೆಯಲ್ಲ.

ಮನಸ್ಸು, ಗಣಿತ, ಗುಟ್ಟು

ಟರ್ನರ್ ಇರುವ ಬಹುತೇಕರ ಬುದ್ಧಿಶಕ್ತಿ ಸಾಮಾನ್ಯ. ಮಾತು, ಓದು ಚೆನ್ನಾಗಿರುತ್ತವೆ. ನಕಾಶೆ ನೋಡಿ ದಾರಿ ಕಾಣುವುದು, ರೇಖಾಗಣಿತ, ಎದುರಿನವರ ಮುಖಭಾವ ಓದುವುದು ಕೆಲವರಿಗೆ ಕಷ್ಟ. 1960ರ ದಶಕದಲ್ಲಿ ಅಮೆರಿಕದ ಜಾನ್ ಮನಿ ಈ ಅಸಮತೋಲನವನ್ನು ಗುರುತಿಸಿದ. 1997ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಕೂಸ್ ತಂಡ, ಉಳಿದಿರುವ ಎಕ್ಸ್ ತಂದೆಯದೋ ತಾಯಿಯದೋ ಎಂಬುದರ ಮೇಲೆ ಸಾಮಾಜಿಕ ಜಾಣ್ಮೆ ಬದಲಾಗುತ್ತದೆ ಎಂದು ವಾದಿಸಿತು. ಆಕರ್ಷಕವಾದ ಈ ವಾದ ಇವತ್ತಿಗೂ ವಿವಾದದಲ್ಲೇ ಇದೆ. ಶಿಕ್ಷಕರಿಗೆ ಬೇಕಾದ ವಿಷಯ ಅದಲ್ಲ. ಕನ್ನಡದಲ್ಲಿ, ಸಮಾಜ ವಿಜ್ಞಾನದಲ್ಲಿ ಮುಂದಿದ್ದು ಗಣಿತದಲ್ಲಿ ಮಾತ್ರ ಹಿಂದುಳಿಯುವ ಹುಡುಗಿ ಸೋಮಾರಿಯಲ್ಲ ಎಂದು ಅವರಿಗೆ ಗೊತ್ತಿದ್ದರೆ ಸಾಕು.

ಮೂರನೆಯ ಚಿಂತನೆಯನ್ನು ಕಟ್ಟಿದವರು ಈ ಹೆಂಗಸರೇ. ಕೆನಡಾ, ಅಮೆರಿಕ, ಬ್ರಿಟನ್‌ಗಳಲ್ಲಿ ಅವರದೇ ಸಂಘಗಳಿವೆ. ನಮ್ಮನ್ನು ರೋಗಿಗಳೆಂದಲ್ಲ, ಒಂದು ವಿಶೇಷ ಸ್ಥಿತಿಯೊಂದಿಗೆ ಬದುಕುವವರೆಂದು ನೋಡಿ ಎಂಬುದು ಅವರ ಮಾತು. ಹಳೆಯ ಪಠ್ಯಪುಸ್ತಕಗಳಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಬಳಿದು ಬೆತ್ತಲೆ ನಿಲ್ಲಿಸಿದ ಹುಡುಗಿಯರ ಚಿತ್ರಗಳನ್ನು ನೋಡಿದವರಿಗೆ ಆ ಮಾತಿನ ಹಿಂದಿನ ನೋವು ಅರ್ಥವಾಗುತ್ತದೆ. ತಂದೆತಾಯಿ ಗುಟ್ಟು ಮಾಡಬಾರದು, ವಯಸ್ಸಿಗೆ ತಕ್ಕಂತೆ ಹಂತ ಹಂತವಾಗಿ ಮಗಳಿಗೇ ಹೇಳಬೇಕು ಎಂಬ ಸಲಹೆ ಇಂದು ಮಾರ್ಗಸೂಚಿಗಳಲ್ಲಿ ಸೇರಿಕೊಂಡಿದೆ.

ಅರಿವು ಹೆಚ್ಚಾದರೆ ಹಾನಿಯೇ?

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಗಳು ಎರಡು. ಮೊದಲನೆಯದು ಅತಿ ಪತ್ತೆಯದು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಯೋಜನೆಯಲ್ಲಿ 2,44,848 ಹೆಂಗಸರ ದತ್ತಾಂಶವನ್ನು ಪರಿಶೀಲಿಸಿದ ಅಧ್ಯಯನ 2019ರಲ್ಲಿ ಬಂತು. 30 ಮಂದಿಗೆ ಎಲ್ಲ ಕೋಶಗಳಲ್ಲೂ ಒಂದೇ ಎಕ್ಸ್ ಇತ್ತು. 186 ಮಂದಿ ಮಿಶ್ರ ಗುಂಪಿನವರು, ಅಂದರೆ ಕೆಲವು ಕೋಶಗಳಲ್ಲಿ ಒಂದು, ಉಳಿದವುಗಳಲ್ಲಿ ಎರಡು. ಈ ಎರಡನೆಯ ಗುಂಪಿನವರು ಸ್ವಲ್ಪ ಗಿಡ್ಡವಿದ್ದದ್ದು ಬಿಟ್ಟರೆ ಮುಟ್ಟು, ಮಕ್ಕಳು, ಹೃದಯ ಎಲ್ಲದರಲ್ಲೂ ಹೆಚ್ಚುಕಡಿಮೆ ಉಳಿದವರಂತೆಯೇ ಇದ್ದರು. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿ ಬರೆದ ಪಠ್ಯಪುಸ್ತಕ ಎಲ್ಲರ ಕಥೆಯನ್ನೂ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಎರಡನೆಯದು ಗರ್ಭದಲ್ಲಿನ ಪತ್ತೆ. ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಪರೀಕ್ಷೆ ಡೌನ್ ಸಿಂಡ್ರೋಮಿಗೆ ಕೊಡುವಷ್ಟು ಭರವಸೆಯನ್ನು ಇದಕ್ಕೆ ಕೊಡುವುದಿಲ್ಲ. ‘ಒಂದು ಎಕ್ಸ್ ಕಡಿಮೆ’ ಎಂದು ವರದಿ ಬಂದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಖಚಿತ ಪರೀಕ್ಷೆಯಲ್ಲಿ ಸುಳ್ಳಾಗುತ್ತವೆ. ವಯಸ್ಸಾದಂತೆ ತಾಯಿಯ ರಕ್ತಕಣಗಳೇ ಎಕ್ಸ್ ಕಳೆದುಕೊಳ್ಳುವುದು ಇದಕ್ಕೊಂದು ಕಾರಣ. ಭಾರತದಲ್ಲಿ ಇನ್ನೊಂದು ತೊಡಕಿದೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ವರ್ಣತಂತು ದೋಷ ಹುಡುಕಲು ಅವಕಾಶ ಕೊಡುತ್ತದೆ, ಭ್ರೂಣದ ಲಿಂಗ ಹೇಳುವುದನ್ನು ನಿಷೇಧಿಸುತ್ತದೆ. ಟರ್ನರ್ ಎಂದು ಹೇಳಿದ ಕ್ಷಣವೇ ಹೆಣ್ಣು ಎಂದು ಹೇಳಿದಂತಾಯಿತು. ಹೆಣ್ಣು, ಜೊತೆಗೆ ‘ದೋಷ’ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದ ಕುಟುಂಬದ ನಿರ್ಧಾರ ಎತ್ತ ವಾಲುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ‘ಬಂಜೆತನ’ವನ್ನೇ ದೊಡ್ಡಕ್ಷರದಲ್ಲಿ ಬರೆಯುವ ಪ್ರಚಾರ ಆ ವಾಲುವಿಕೆಗೆ ಇನ್ನಷ್ಟು ತೂಕ ಹಾಕುತ್ತದೆ.

ಹಾಗೆಂದು ಮೌನ ಉತ್ತರವಲ್ಲ. ಡೆನ್ಮಾರ್ಕಿನಂಥ ದೇಶದಲ್ಲೇ ಪತ್ತೆಯಾಗುವ ಮಧ್ಯಮ ವಯಸ್ಸು 15 ಇತ್ತು. ಆಗ ಹಾರ್ಮೋನಿನ ಕಾಲ ಬಹುಪಾಲು ಮುಗಿದಿರುತ್ತದೆ, ಸೋರಿದ ಕಿವಿ ಕೆಟ್ಟಿರುತ್ತದೆ. ಎರಡೂ ಆಕ್ಷೇಪಗಳು ಹೇಳುವುದು ಅರಿವನ್ನು ಕಡಿಮೆ ಮಾಡಿ ಎಂದಲ್ಲ. ಹುಟ್ಟಿದ, ಲಕ್ಷಣವಿರುವ ಹುಡುಗಿಯ ಕಡೆಗೆ ಅದನ್ನು ತಿರುಗಿಸಿ ಎಂದು.

ನಮ್ಮ ಊರಿನ ಅಳತೆಗೋಲು

ಪಶ್ಚಿಮದ ಜಾಗೃತಿ ಪತ್ರಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಇಲ್ಲಿ ಉಪಯೋಗವಾಗದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮೂವರಲ್ಲಿ ಒಬ್ಬರು ಕುಗ್ಗಿದ ಕಡೆ ಒಬ್ಬಳು ಗಿಡ್ಡವಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಅವರಮ್ಮನೂ ಕುಳ್ಳಿಯೇ’ ಎಂಬ ಮಾತಿನಲ್ಲಿ ಅನುಮಾನ ಮುಗಿದುಹೋಗುತ್ತದೆ. ಆದ್ದರಿಂದ ಎತ್ತರದ ಜೊತೆಗೆ ಬೇರೆ ಗುರುತುಗಳೂ ಬೇಕು.

ಆ ಗುರುತುಗಳಿಗೆ ಯಂತ್ರ ಬೇಡ. ಹುಟ್ಟಿದ ಹೆಣ್ಣುಕೂಸಿನ ಪಾದದ ಮೇಲ್ಭಾಗ, ಮುಂಗೈ ಬಾತುಕೊಂಡು ಬನ್ನಿನಂತೆ ಉಬ್ಬಿದ್ದರೆ ಅದನ್ನು ‘ತುಂಬಿಕೊಂಡ ಮಗು’ ಎಂದು ಬಿಡಬಾರದು. ಕುತ್ತಿಗೆಯ ಹಿಂದೆ ಕೂದಲು ಬಹಳ ಕೆಳಗಿನವರೆಗೂ ಬಂದಿದೆಯೇ ನೋಡಬೇಕು. ಹುಡುಗಿಗೆ ಮುಷ್ಟಿ ಬಿಗಿಯಲು ಹೇಳಿದರೆ ಉಂಗುರ ಬೆರಳಿನ ಬುಡದಲ್ಲಿ ಗೆಣ್ಣು ಉಬ್ಬುವ ಬದಲು ಗುಳಿ ಬೀಳುವುದು ಇನ್ನೊಂದು ಗುರುತು. ತೊಡೆಸಂದಿಯಲ್ಲಿ ಬೆರಳಿಟ್ಟಾಗ ನಾಡಿ ಸಿಗದಿದ್ದರೆ, ಅಥವಾ ಕೈಯ ನಾಡಿಗಿಂತ ತಡವಾಗಿ, ಕ್ಷೀಣವಾಗಿ ಸಿಕ್ಕಿದರೆ, ಮಹಾಪಧಮನಿ ಇರುಕಾಗಿರಬಹುದು. ಒಂದೊಂದೇ ಗುರುತಿನಿಂದ ತೀರ್ಮಾನಕ್ಕೆ ಬರುವಂತಿಲ್ಲ. ಎರಡು ಮೂರು ಸೇರಿದರೆ ಕ್ಯಾರಿಯೋಟೈಪ್ ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಬೇಕಾದದ್ದು ಕೆಲವು ಮಿಲಿಲೀಟರ್ ರಕ್ತ. ಅದರ ಬಿಳಿರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಸುಮಾರು ಮೂರು ದಿನ ಬೆಳೆಸಿ, ಅವು ವಿಭಜನೆಯಾಗುವ ಹೊತ್ತಿನಲ್ಲಿ ತಡೆದು ನಿಲ್ಲಿಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ಕೋಶದಿಂದ ಕೋಶಕ್ಕೆ ಎಣಿಸುತ್ತಾರೆ. ಮಿಶ್ರ ಗುಂಪಿನವರು ತಪ್ಪಿಹೋಗದಿರಲು ಮೂವತ್ತು ಕೋಶಗಳನ್ನಾದರೂ ನೋಡಬೇಕಾಗುತ್ತದೆ. ವೈ ವರ್ಣತಂತುವಿನ ತುಣುಕೇನಾದರೂ ಇದ್ದರೆ ಅಂಡಾಶಯದ ಜಾಗದಲ್ಲಿ ಗಡ್ಡೆಯ ಅಪಾಯವಿರುವುದರಿಂದ ಅದನ್ನೂ ಹುಡುಕುತ್ತಾರೆ.

ಇಷ್ಟು ಅಪರೂಪದ್ದಕ್ಕೆ ಹಣವೇಕೆ, ರಕ್ತಹೀನತೆಯಂಥ ದೊಡ್ಡ ಸಮಸ್ಯೆಗಳಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಈಗಾಗಲೇ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಹೋಗಿ ಮಕ್ಕಳ ಎತ್ತರ, ತೂಕ ನೋಡುತ್ತಿವೆ. ಅವರ ಪಟ್ಟಿಯಲ್ಲಿ ಹುಟ್ಟು ದೋಷಗಳ ಸಾಲಿನಲ್ಲಿ ಡೌನ್ ಸಿಂಡ್ರೋಮ್ ಇದೆ, ಟರ್ನರ್ ಇಲ್ಲ. ಆದರೆ ಹೃದಯದ ಹುಟ್ಟು ದೋಷವಿದೆ, ಕಿವುಡಿದೆ, ಕಿವಿ ಸೋರುವುದಿದೆ, ಹದಿಹರೆಯದಲ್ಲಿ ಮುಟ್ಟು ತಡವಾಗುವುದಿದೆ. ಒಬ್ಬಳೇ ಹುಡುಗಿಯಲ್ಲಿ ಇವು ಎರಡು ಮೂರು ಕಂಡಾಗ ಜೋಡಿಸಿ ನೋಡಲು ಹೇಳಿಕೊಟ್ಟರೆ ಸಾಕು. ರಕ್ತಹೀನತೆ ಹುಡುಕುವ ಅದೇ ಕಣ್ಣು ಇದನ್ನೂ ಹುಡುಕುತ್ತದೆ.

ಮನೆಗಳಲ್ಲಿ ಅನುಮಾನ ಮೊಳೆಯುವುದು ಹುಡುಗಿ ‘ದೊಡ್ಡವಳಾಗದೆ’ ಇದ್ದಾಗ. ಆಗಲೂ ಮೊದಲು ದೇವರಿಗೆ ಹರಕೆ, ಆಮೇಲೆ ನಾಟಿ ಔಷಧಿ, ಕೊನೆಗೆ ಮದುವೆಯ ಮಾತು ಬಂದಾಗ ವೈದ್ಯರು. ಹರಕೆ ಹೊತ್ತವರನ್ನು ಬೈದು ಪ್ರಯೋಜನವಿಲ್ಲ. ಹದಿಮೂರು ವರ್ಷಕ್ಕೂ ಎದೆ ಮೂಡದಿದ್ದರೆ, ಹದಿನೈದಕ್ಕೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ ಎಂಬ ಒಂದೇ ಸಾಲನ್ನು ಆಶಾ ಕಾರ್ಯಕರ್ತೆಯ ಬಾಯಲ್ಲಿ ಹೇಳಿಸಿದರೆ ಐದಾರು ವರ್ಷ ಉಳಿಯುತ್ತದೆ.

ಕಾನೂನಿನಲ್ಲಿರುವ ದಾರಿಗಳೂ ಹೆಚ್ಚಿನವರಿಗೆ ತಿಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ವೈದ್ಯಕೀಯ ಅಥವಾ ಆನುವಂಶಿಕ ಕಾರಣದಿಂದ ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಕಡಿಮೆ ಇದ್ದರೆ ಅದನ್ನು ಕುಬ್ಜತೆ ಎಂದು ಗುರುತಿಸುತ್ತದೆ. ಚಿಕಿತ್ಸೆ ಸಿಗದ ಟರ್ನರ್ ಮಹಿಳೆಯರಲ್ಲಿ ಅನೇಕರು ಇದರೊಳಗೆ ಬರುತ್ತಾರೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯು ಬೆಳವಣಿಗೆಯ ಹಾರ್ಮೋನ್ ಬೇಕಾದ ಸ್ಥಿತಿಗಳ ಸಾಲಿನಲ್ಲಿ ಟರ್ನರ್ ಅನ್ನೂ ಹೆಸರಿಸುತ್ತದೆ. ಅದರಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ನಡೆಸುವಂಥದ್ದು. ಬೀದರ್ ಅಥವಾ ಕೊಪ್ಪಳದ ತಾಯಿಗೆ ಅದು ಬಲು ದೂರ.

ಇನ್ನೂ ತೀರ್ಮಾನವಾಗದೆ ಉಳಿದದ್ದು

ಒಂದೇ ಎಕ್ಸ್ ಇರುವ ಭ್ರೂಣಗಳಲ್ಲಿ ಶೇ 99ರಷ್ಟು ಗರ್ಭದಲ್ಲೇ ನಿಲ್ಲದೆ ಹೋಗುತ್ತವೆ. ಉಳಿದ ಒಂದು ಪಾಲು ಹೇಗೆ ಬದುಕುತ್ತದೆ? ದೇಹದ ಯಾವುದೋ ಮೂಲೆಯಲ್ಲಿ ಎರಡು ಎಕ್ಸ್ ಇರುವ ಕೋಶಗಳು ಅಡಗಿರುತ್ತವೆ ಎಂಬ ಊಹೆ ಹಳೆಯದು, ಪೂರ್ತಿ ಸಾಬೀತಾಗಿಲ್ಲ. ಎಲ್ಲ ನವಜಾತ ಹೆಣ್ಣುಶಿಶುಗಳನ್ನೂ ಹಿಮ್ಮಡಿಯ ಒಂದು ಹನಿ ರಕ್ತದಿಂದ ಪರೀಕ್ಷಿಸುವುದು ತಾಂತ್ರಿಕವಾಗಿ ಸಾಧ್ಯ. ಆದರೆ ಎಂದೂ ತೊಂದರೆಯೇ ಕಾಣದ ಮಿಶ್ರ ಗುಂಪಿನವರ ಹಣೆಗೆ ಬದುಕಿಡೀ ಒಂದು ಹೆಸರು ಅಂಟಿಸಬಹುದೇ ಎಂಬಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲ. ಚಿಕ್ಕ ವಯಸ್ಸಿನಲ್ಲೇ ಅಂಡಾಣು ಅಥವಾ ಅಂಡಾಶಯದ ತುಣುಕನ್ನು ಶೀತಲೀಕರಿಸಿ ಇಡುವ ಪ್ರಯತ್ನ ಯುರೋಪಿನಲ್ಲಿ ನಡೆಯುತ್ತಿದೆ. ಎಂಟು ವರ್ಷದ ಮಗುವಿನ ಪರವಾಗಿ ಆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆಯೂ ಜೊತೆಗಿದೆ. ಮದುವೆಗೆ ಮುಂಚೆ ಗಂಡಿನ ಕಡೆಯವರಿಗೆ ಎಷ್ಟು ಹೇಳಬೇಕು, ಹೇಳುವವರು ಯಾರು ಎಂಬುದನ್ನು ನಮ್ಮ ಸಮಾಜ ಬಾಯಿಬಿಟ್ಟು ಚರ್ಚಿಸಿಯೇ ಇಲ್ಲ. ಹೇಳುವ ನಿರ್ಧಾರ ಅವಳದೇ ಆಗಿರಬೇಕು ಎಂಬುದು ನನ್ನ ನಿಲುವು. ಗುಟ್ಟಿನ ಮೇಲೆ ಕಟ್ಟಿದ ಸಂಬಂಧ ಅವಳಿಗೇ ಮುಳುವಾಗುತ್ತದೆ ಎನ್ನುವವರ ಮಾತಿನಲ್ಲೂ ಹುರುಳಿದೆ.

ಎಲ್ಲಕ್ಕಿಂತ ತುರ್ತಾದದ್ದು ಗರ್ಭಧಾರಣೆಯ ಪ್ರಶ್ನೆ. ಶೇ 2ರಿಂದ 5ರಷ್ಟು ಮಂದಿ ಸಹಜವಾಗಿ ಗರ್ಭ ಧರಿಸುತ್ತಾರೆ, ಇನ್ನು ಕೆಲವರು ದಾನಿಯ ಅಂಡಾಣುವಿನಿಂದ. ಬಸಿರಿನಲ್ಲಿ ಮಹಾಪಧಮನಿಯ ಮೇಲೆ ಬೀಳುವ ಒತ್ತಡ ಜೀವಕ್ಕೆ ಕುತ್ತು ತರಬಹುದೆಂದು 2003ರ ಅಮೆರಿಕದ ಸಮೀಕ್ಷೆ ಎಚ್ಚರಿಸಿತು, ಅಪಾಯ ಅಷ್ಟು ದೊಡ್ಡದಲ್ಲ ಎಂದು ನಂತರದ ಕೆಲವು ವರದಿಗಳು ಹೇಳಿದವು. ನಾಳ ಎಷ್ಟು ಅಗಲವಾದರೆ ಬಸಿರು ಬೇಡ ಎನ್ನುವ ಗಡಿಯನ್ನು ದೇಹದ ಗಾತ್ರಕ್ಕೆ ಹೊಂದಿಸಿ ಹಾಕಿದ್ದಾರೆ. ಆದರೆ ಆ ಲೆಕ್ಕದ ಬಹುಪಾಲು ಅಳತೆಗಳು ಯುರೋಪ್ ಮತ್ತು ಅಮೆರಿಕದ ಹೆಂಗಸರವು. ಮೈಕಟ್ಟಿನಲ್ಲಿ ಅವರಿಗಿಂತ ಚಿಕ್ಕವಳಾದ ಭಾರತೀಯ ಮಹಿಳೆಗೆ ಅದೇ ಗಡಿ ಸಾಕೇ, ಇನ್ನೂ ಕೆಳಗಿಡಬೇಕೇ ಎಂದು ಹೇಳಲು, ನಮ್ಮಲ್ಲಿ ಹುಟ್ಟಿದ ಹೆಣ್ಣುಮಕ್ಕಳನ್ನು ಡೆನ್ಮಾರ್ಕಿನವರು ಹಿಂಬಾಲಿಸಿದಷ್ಟೇ ವರ್ಷ ನಾವೂ ಹಿಂಬಾಲಿಸಬೇಕಾಗುತ್ತದೆ.